ಒಂದೇ ಗೇಮ್, ದೇಶಕ್ಕೊಂದು ಬೆಲೆ: ಆನ್‌ಲೈನ್ ಸ್ಟೋರ್‌ಗಳ ಲೆಕ್ಕಾಚಾರ

ಅಮೆರಿಕದಲ್ಲಿ 60 ಡಾಲರ್ ಇರುವ ವಿಡಿಯೊ ಗೇಮ್ ಒಂದು ದೇಶದಲ್ಲಿ 25 ಡಾಲರಿಗೆ ಸಮನಾದ ದುಡ್ಡಿಗೆ ಸಿಗಬಹುದು, ಇನ್ನೊಂದು ದೇಶದಲ್ಲಿ 70 ಡಾಲರ್ ದಾಟಬಹುದು. ಫೈಲ್ ಅದೇ, ಸ್ಟೋರ್ ಅದೇ. ಹೆಚ್ಚು ಕೊಟ್ಟವರಿಗೆ ಇದು ಸುಲಿಗೆ ಅನ್ನಿಸುತ್ತದೆ. ಕಡಿಮೆ ಕೊಟ್ಟವರಿಗೋ, ತಮ್ಮ ಸಂಬಳದ ಮುಂದೆ ಆ 25 ಡಾಲರೂ ಭಾರವೇ. ಇಬ್ಬರ ಮಾತಿನಲ್ಲೂ ಹುರುಳಿದೆ. ಹಾಗಾಗಿ ಒಂದು ಬೆಲೆ ನ್ಯಾಯವಾದದ್ದೇ ಎಂದು ತೀರ್ಮಾನಿಸುವ ಮೊದಲು ಅದರೊಳಗೆ ಏನೇನು ಸೇರಿದೆ, ಅದನ್ನು ಯಾರು ಬರೆದರು, ಯಾವಾಗ ಬರೆದರು ಎಂದು ನೋಡಬೇಕು. ಈ ಮೂರರಲ್ಲಿ ‘ಯಾವಾಗ’ ಎಂಬುದಕ್ಕೆ ತೂಕ ಜಾಸ್ತಿ. ಆಟಗಾರರನ್ನು ಕೆರಳಿಸುವ ಬೆಲೆಗಳ ಹಿಂದೆ ದುರಾಸೆಗಿಂತ ಹೆಚ್ಚಾಗಿ ಸಿಗುವುದು ಒಮ್ಮೆ ತುಂಬಿಸಿ ಮತ್ತೆ ತಿರುಗಿ ನೋಡದ ಒಂದು ಕೋಷ್ಟಕ.

ಬೆಲೆ ಬರೆಯುವವರು

ಪಿಸಿ ಗೇಮ್‌ಗಳ ಅತಿದೊಡ್ಡ ಸ್ಟೋರ್ ಆದ ಸ್ಟೀಮ್‌ನಲ್ಲಿ ಬೆಲೆ ನಿಗದಿ ಮಾಡುವುದು ಅದರ ಒಡೆತನದ ವಾಲ್ವ್ ಕಂಪನಿಯಲ್ಲ, ಗೇಮ್‌ನ ಡೆವಲಪರ್ ಅಥವಾ ಪಬ್ಲಿಷರ್. ಅವರು ತಮ್ಮ ಖಾತೆಯಲ್ಲಿ ಮೊದಲು ಅಮೆರಿಕನ್ ಡಾಲರಿನ ಮೂಲ ಬೆಲೆಯನ್ನು ಬರೆಯುತ್ತಾರೆ. ಬರೆದ ಕೂಡಲೇ ಮೂವತ್ತಕ್ಕೂ ಹೆಚ್ಚು ಕರೆನ್ಸಿಗಳ ಖಾನೆಗಳಲ್ಲಿ ವಾಲ್ವ್ ಸೂಚಿಸುವ ಬೆಲೆಗಳು ತುಂಬಿಕೊಳ್ಳುತ್ತವೆ. ಇವು ಬರೀ ಸಲಹೆ. ಯಾವ ಖಾನೆಯನ್ನಾದರೂ ಅಳಿಸಿ ಬೇರೆ ಸಂಖ್ಯೆ ಬರೆಯಬಹುದು. ವಾಲ್ವ್ ಒಮ್ಮೆ ಕಣ್ಣಾಡಿಸಿ ಒಪ್ಪಿಗೆ ಕೊಟ್ಟ ಮೇಲೆ ಬೆಲೆ ಪ್ರಕಟವಾಗುತ್ತದೆ. ಪುಟ್ಟ ತಂಡಗಳು ಹೆಚ್ಚಾಗಿ ಸಲಹೆಯನ್ನು ಹಾಗೆಯೇ ಒಪ್ಪಿಕೊಳ್ಳುತ್ತವೆ. ದೊಡ್ಡ ಪಬ್ಲಿಷರ್‌ಗಳು ತಮ್ಮದೇ ಕೋಷ್ಟಕ ಇಟ್ಟುಕೊಂಡಿರುತ್ತಾರೆ. ಹಾಗಾಗಿ ‘ಸ್ಟೀಮ್ ಬೆಲೆ ಏರಿಸಿತು’ ಎಂಬ ದೂರು ಸಾಮಾನ್ಯವಾಗಿ ತಪ್ಪು ಬಾಗಿಲು ತಟ್ಟುತ್ತದೆ; ತಟ್ಟಬೇಕಾದದ್ದು ಪಬ್ಲಿಷರ್‌ನ ಬಾಗಿಲು.

ಮೊಬೈಲ್ ಲೋಕದ ವ್ಯವಸ್ಥೆ ಬೇರೆ. ಆಪಲ್‌ನ ಆಪ್ ಸ್ಟೋರ್ 175 ದೇಶ-ಪ್ರದೇಶಗಳಲ್ಲಿದೆ. 2022ರ ಡಿಸೆಂಬರ್‌ನಲ್ಲಿ ಅದು ಡೆವಲಪರ್‌ಗಳು ಆರಿಸಿಕೊಳ್ಳಬಹುದಾದ ಬೆಲೆಯ ಮೆಟ್ಟಿಲುಗಳನ್ನು 900ಕ್ಕೆ ಏರಿಸಿತು. ಅಲ್ಲಿಯೂ ಒಂದು ದೇಶದ ಬೆಲೆ ಕೊಟ್ಟರೆ ಉಳಿದವು ತಾವಾಗಿ ತುಂಬಿಕೊಳ್ಳುತ್ತವೆ. ಆದರೆ ಆ ತುಂಬಿಕೆಯ ಆಧಾರ ವಿನಿಮಯ ದರ ಮತ್ತು ತೆರಿಗೆ. ಜನರ ಕೊಳ್ಳುವ ಶಕ್ತಿ ಆ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಗೇಮ್ ಒಂದೇ ದೇಶದಲ್ಲಿ ಕಂಪ್ಯೂಟರಿಗೆ ಅಗ್ಗವಾಗಿಯೂ ಫೋನಿಗೆ ದುಬಾರಿಯಾಗಿಯೂ ಇರುವುದಕ್ಕೆ ಇದು ಒಂದು ಮುಖ್ಯ ಕಾರಣ. ಫೋನಿನಲ್ಲಿ ಪ್ರದೇಶಕ್ಕೆ ತಕ್ಕ ಬೆಲೆ ಬೇಕೆಂದರೆ ಡೆವಲಪರ್ ಒಂದೊಂದು ದೇಶವನ್ನೂ ಕೈಯಾರೆ ತಿದ್ದಬೇಕು.

ಪಟ್ಟಿಯ ಬೆಲೆಯೊಳಗಿನ ತೆರಿಗೆ

ಯುರೋಪಿನವರ ಹಳೆಯ ತಕರಾರು ಒಂದಿದೆ. ಡಾಲರಿಗಿಂತ ಯೂರೋ ಬೆಲೆಬಾಳುವ ಕಾಲದಲ್ಲೂ 59.99 ಡಾಲರಿನ ಗೇಮ್‌ಗೆ 59.99 ಯೂರೋ ಏಕೆ ಎಂಬುದು. ಉತ್ತರದ ಅರ್ಧ ಭಾಗ ತೆರಿಗೆಯಲ್ಲಿದೆ. ಅಮೆರಿಕದ ಪಟ್ಟಿಯ ಬೆಲೆಯಲ್ಲಿ ಮಾರಾಟ ತೆರಿಗೆ ಸೇರಿರುವುದಿಲ್ಲ. ತೆರಿಗೆ ಇರುವ ರಾಜ್ಯದಲ್ಲಿ ಅದು ಕೊನೆಯ ಬಿಲ್‌ನಲ್ಲಿ ಬಂದು ಕೂರುತ್ತದೆ. ಯುರೋಪಿನ ಬೆಲೆಯಲ್ಲಿ ವ್ಯಾಟ್ ಒಳಗೇ ಇರುತ್ತದೆ. 2015ರ ಜನವರಿ 1ರಿಂದ ಐರೋಪ್ಯ ಒಕ್ಕೂಟದಲ್ಲಿ ಡಿಜಿಟಲ್ ಸರಕಿಗೆ ಕೊಳ್ಳುವವರ ದೇಶದ ವ್ಯಾಟ್ ದರವೇ ಅನ್ವಯ: ಲಕ್ಸೆಂಬರ್ಗ್‌ನಲ್ಲಿ ಶೇ 17, ಹಂಗೆರಿಯಲ್ಲಿ ಶೇ 27. ಅಂದರೆ ಅದೇ 59.99 ಯೂರೋದಲ್ಲಿ ತೆರಿಗೆ ಕಳೆದರೆ ಲಕ್ಸೆಂಬರ್ಗ್‌ನಿಂದ 51.27 ಯೂರೋ ಉಳಿಯುತ್ತದೆ, ಹಂಗೆರಿಯಿಂದ 47.24. ಕೊಳ್ಳುವವರಿಗೆ ಬೆಲೆ ಒಂದೇ, ಮಾರುವವರಿಗೆ ಗಿಟ್ಟುವುದು ಬೇರೆ.

ಆದ್ದರಿಂದ ಎರಡು ದೇಶಗಳ ಬೆಲೆ ಹೋಲಿಸುವವರು ಮೊದಲು ತೆರಿಗೆಯನ್ನು ಹೊರತೆಗೆಯಬೇಕು. ಹೊರತೆಗೆಯುವುದು ಎಂದರೆ ಭಾಗಿಸುವುದು. ಶೇ 20 ತೆರಿಗೆ ಸೇರಿದ ಬೆಲೆಯಿಂದ ಶೇ 20 ಕಳೆದರೆ ಉತ್ತರ ತಪ್ಪು; 1.20ರಿಂದ ಭಾಗಿಸಬೇಕು. 59.99 ಯೂರೋವನ್ನು 1.20ರಿಂದ ಭಾಗಿಸಿದರೆ 49.99 ಬರುತ್ತದೆ. ಕಳೆದವರಿಗೆ 47.99 ಬಂದು ಎರಡು ಯೂರೋ ಕಾಣೆಯಾಗುತ್ತದೆ. ಬೆಲೆಯ ವಾಗ್ವಾದಗಳಲ್ಲಿ ಈ ತಪ್ಪು ಪದೇ ಪದೇ ನುಸುಳುತ್ತದೆ.

‘ಎಲ್ಲರಿಗೂ ಒಂದೇ ಬೆಲೆ’ ಎಂಬ ನ್ಯಾಯ

ನ್ಯಾಯ ಎಂದರೆ ಭೂಮಿಯ ಮೇಲೆ ಎಲ್ಲಿದ್ದರೂ ಒಂದೇ ಬೆಲೆ ಎಂದು ಗಟ್ಟಿಯಾಗಿ ನಂಬುವವರಿದ್ದಾರೆ. ಪೋಲೆಂಡ್ ಮೂಲದ ಜಿಒಜಿ ಸ್ಟೋರ್ ಹಲವು ವರ್ಷ ಇದೇ ನೀತಿಯನ್ನು ಹಿಡಿದು ನಡೆಯಿತು. ಹೊಸ ದೊಡ್ಡ ಗೇಮ್‌ಗಳನ್ನು ಮಾರಬೇಕಾದರೆ ಪ್ರದೇಶವಾರು ಬೆಲೆಯನ್ನು ಒಪ್ಪಲೇಬೇಕು ಎಂಬ ಸ್ಥಿತಿ 2014ರಲ್ಲಿ ಬಂತು. ಆಗ ಅದು ಗ್ರಾಹಕರ ಸಿಟ್ಟು ತಣಿಸಲು ಒಂದು ದಾರಿ ಹುಡುಕಿತು: ಅಮೆರಿಕದ ಬೆಲೆಗಿಂತ ಹೆಚ್ಚು ತೆತ್ತವರಿಗೆ ಆ ವ್ಯತ್ಯಾಸವನ್ನು ಸ್ಟೋರ್ ತನ್ನ ಪಾಲಿನಿಂದಲೇ ಹಿಂದಿರುಗಿಸುವುದು. ಹಾಗೆ ಹಿಂದಿರುಗಿದ್ದು ಸರಾಸರಿ ಗೇಮ್ ಬೆಲೆಯ ಶೇ 12. ಕೆಲವು ಸಂದರ್ಭಗಳಲ್ಲಿ ಶೇ 37ರವರೆಗೂ ಹೋಗಿತ್ತು. 2019ರ ಮಾರ್ಚ್ 31ಕ್ಕೆ ಆ ಯೋಜನೆ ಮುಗಿಯಿತು. ಅದಕ್ಕೆ ಸ್ವಲ್ಪ ಮುಂಚೆ, 2018ರ ಡಿಸೆಂಬರ್‌ನಲ್ಲಿ, ಎಪಿಕ್ ಸ್ಟೋರ್ ಬರೀ ಶೇ 12 ಕಮಿಷನ್‌ಗೆ ಅಂಗಡಿ ತೆರೆದಿತ್ತು. ಸ್ಟೀಮ್ ಕೂಡ ತನ್ನ ಶೇ 30ನ್ನು ಒಂದು ಗೇಮ್ 1 ಕೋಟಿ ಡಾಲರ್ ದಾಟಿದ ಮೇಲಿನ ವಹಿವಾಟಿಗೆ ಶೇ 25, 5 ಕೋಟಿ ದಾಟಿದ ಮೇಲಿನದಕ್ಕೆ ಶೇ 20 ಎಂದು ಇಳಿಸಿತ್ತು. ಡೆವಲಪರ್‌ಗಳಿಗೆ ಹೆಚ್ಚು ಪಾಲು ಕೊಡಬೇಕಾಗಿ ಬಂದಾಗ, ಗ್ರಾಹಕರಿಗೆ ಹಿಂದಿರುಗಿಸುತ್ತಿದ್ದ ದುಡ್ಡಿಗೆ ಜಾಗ ಉಳಿಯಲಿಲ್ಲ.

ಆ ಯೋಜನೆಯಲ್ಲಿ ಪ್ರಾಮಾಣಿಕತೆ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ರಕ್ಷಿಸಿದ್ದು ಅಮೆರಿಕಕ್ಕಿಂತ ಹೆಚ್ಚು ತೆರುತ್ತಿದ್ದವರನ್ನು ಮಾತ್ರ. ತಿಂಗಳ ಸಂಬಳ 300 ಡಾಲರ್ ಇರುವವರಿಗೆ 60 ಡಾಲರ್ ಎಂದರೆ ಸಂಬಳದ ಐದನೇ ಒಂದು ಭಾಗ, 4,000 ಡಾಲರ್ ಇರುವವರಿಗೆ ಶೇ 1.5. ಇಬ್ಬರಿಗೂ ಒಂದೇ ಬೆಲೆ ಇಟ್ಟರೆ ಮೊದಲನೆಯವರನ್ನು ಅಂಗಡಿಯಿಂದ ಹೊರಗೆ ನಿಲ್ಲಿಸಿದಂತೆ. ಇನ್ನೊಂದು ಪ್ರತಿ ಮಾಡಿಕೊಡಲು ಬಹುತೇಕ ಖರ್ಚೇ ಇಲ್ಲದ ಸರಕಿನಲ್ಲಿ ಹೀಗೆ ಹೊರಗಿಡುವುದರಿಂದ ಯಾರಿಗೂ ಲಾಭವಿಲ್ಲ.

ಒಂದು ಬೆಲೆಯನ್ನು ಬಿಡಿಸಿ ನೋಡೋಣ

ಗುಂಪಿಗೊಂದು ಬೆಲೆ ಇಡುವುದನ್ನು ಅರ್ಥಶಾಸ್ತ್ರಜ್ಞ ಆರ್ಥರ್ ಪಿಗು 1920ರಲ್ಲೇ ವಿವರಿಸಿದ್ದರು. ಅದು ಕೆಲಸ ಮಾಡಬೇಕಾದರೆ ಎರಡು ಷರತ್ತು: ಗುಂಪುಗಳ ಕೊಳ್ಳುವ ಶಕ್ತಿ ಬೇರೆಬೇರೆ ಇರಬೇಕು, ಅಗ್ಗದ ಗುಂಪಿನಲ್ಲಿ ಕೊಂಡದ್ದು ದುಬಾರಿ ಗುಂಪಿಗೆ ಸೋರಬಾರದು. ಈ ಎರಡನ್ನೂ ಒಂದು ಕಾಲ್ಪನಿಕ ದೇಶದ ಲೆಕ್ಕದಲ್ಲಿ ಕಾಣಬಹುದು. ಅದರ ಕರೆನ್ಸಿಯನ್ನು ನಾಣ್ಯ ಎಂದು ಕರೆಯೋಣ.

ಗೇಮ್‌ನ ಮೂಲ ಬೆಲೆ 20 ಡಾಲರ್. ವಿನಿಮಯ ದರ ಡಾಲರಿಗೆ 40 ನಾಣ್ಯ. ಆದರೆ ಅಮೆರಿಕದಲ್ಲಿ 1 ಡಾಲರಿಗೆ ಸಿಗುವಷ್ಟು ಸಾಮಾನು-ಸೇವೆ ಈ ದೇಶದಲ್ಲಿ 15 ನಾಣ್ಯಕ್ಕೇ ಸಿಗುತ್ತದೆ. ಈ ಎರಡನೆಯ ಅಳತೆಯೇ ಕೊಳ್ಳುವ ಶಕ್ತಿಯ ಸಮಾನತೆ, ಎಲ್ಲರ ಬಾಯಲ್ಲಿ ಪಿಪಿಪಿ. ವಿಶ್ವ ಬ್ಯಾಂಕ್ ಇದನ್ನು ದೇಶವಾರು ಪ್ರಕಟಿಸುತ್ತದೆ, ಯಾರು ಬೇಕಾದರೂ ನೋಡಬಹುದು. ವಿನಿಮಯ ದರದಂತೆ ಹೋದರೆ ಬೆಲೆ 800 ನಾಣ್ಯ, ಪಿಪಿಪಿಯಂತೆ ಹೋದರೆ 300.

300 ಇಟ್ಟುಬಿಟ್ಟರೆ ಆಯಿತಲ್ಲ ಅನ್ನಬಹುದು. ಅಷ್ಟು ಸರಳವಲ್ಲ. ಪಿಪಿಪಿ ಲೆಕ್ಕದೊಳಗೆ ಮನೆ ಬಾಡಿಗೆ, ಕ್ಷೌರ, ಬಸ್ ಪ್ರಯಾಣದಂಥ ಸ್ಥಳೀಯ ಸೇವೆಗಳೂ ಸೇರಿವೆ. ಬಡ ದೇಶಗಳಲ್ಲಿ ಇವು ತೀರ ಅಗ್ಗ, ಹಾಗಾಗಿ ಲೆಕ್ಕವನ್ನು ಕೆಳಗೆಳೆಯುತ್ತವೆ. ಗೇಮ್ ಕೊಳ್ಳುವವರ ಬಳಿ ಆಗಲೇ ಕಂಪ್ಯೂಟರ್, ಗ್ರಾಫಿಕ್ಸ್ ಕಾರ್ಡ್, ಫೋನ್ ಇದೆ. ಅವನ್ನೆಲ್ಲ ಅವರು ಹೆಚ್ಚುಕಡಿಮೆ ಜಾಗತಿಕ ಬೆಲೆಗೇ ಕೊಂಡಿದ್ದಾರೆ. ಹಾಗಾಗಿ ಒಪ್ಪಬಹುದಾದ ಬೆಲೆ ಎರಡು ತುದಿಗಳ ನಡುವೆ ಎಲ್ಲೋ ಇರುತ್ತದೆ. ವಾಲ್ವ್‌ನ ಸಲಹೆಗಳೂ ವಿನಿಮಯ ದರವನ್ನಷ್ಟೇ ನೆಚ್ಚದೆ ಕೊಳ್ಳುವ ಶಕ್ತಿ ಮತ್ತು ಗ್ರಾಹಕ ಬೆಲೆ ಸೂಚ್ಯಂಕಗಳನ್ನೂ ಸೇರಿಸಿಕೊಂಡು ತಯಾರಾಗುತ್ತವೆ. ಸುಲಭವಾದ ಒಂದು ದಾರಿ ಎಂದರೆ ಎರಡು ತುದಿಗಳನ್ನು ಗುಣಿಸಿ ವರ್ಗಮೂಲ ತೆಗೆಯುವುದು: 800 × 300ರ ವರ್ಗಮೂಲ ಸುಮಾರು 490. ಸ್ವಲ್ಪ ಇಳಿಸಿ 450 ಎಂದಿಟ್ಟುಕೊಳ್ಳೋಣ.

ಈಗ ಮಾರುವವರ ಕೈಗೆ ಬರುವುದೆಷ್ಟು? 450ರಲ್ಲಿ ಶೇ 20 ತೆರಿಗೆ ಒಳಗೇ ಇದೆ, 1.20ರಿಂದ ಭಾಗಿಸಿದರೆ 375. ಸ್ಟೋರ್‌ನ ಶೇ 30 ಕಳೆದರೆ 262.5 ನಾಣ್ಯ, ಅಂದರೆ 6.56 ಡಾಲರ್. ಅದೇ 800 ನಾಣ್ಯಕ್ಕೆ ಮಾರಿದರೆ 11.67 ಡಾಲರ್ ಸಿಗುತ್ತಿತ್ತು. ಅಮೆರಿಕದ ಒಂದು ಪ್ರತಿಯಿಂದ 14 ಡಾಲರ್. 11.67ನ್ನು 6.56ರಿಂದ ಭಾಗಿಸಿದರೆ 1.78. 800 ನಾಣ್ಯದ ಬೆಲೆಗೆ 100 ಜನ ಕೊಳ್ಳುತ್ತಿದ್ದಲ್ಲಿ 450ಕ್ಕೆ ಕನಿಷ್ಠ 178 ಜನ ಕೊಂಡರೆ ಡೆವಲಪರ್‌ಗೆ ನಷ್ಟವಿಲ್ಲ. 300 ಜನ ಕೊಂಡರೆ ಆದಾಯ 1,167 ಡಾಲರಿನಿಂದ 1,969ಕ್ಕೆ ಏರುತ್ತದೆ. ಇಲ್ಲಿ ದಾನಧರ್ಮದ ಮಾತಿಲ್ಲ. ಬೆಲೆ ಇಳಿಸಿದವರಿಗೇ 802 ಡಾಲರ್ ಹೆಚ್ಚು.

178 ಜನ ಬರುತ್ತಾರೋ ಇಲ್ಲವೋ ಎಂದು ತಿಳಿಯಲು ಡೆವಲಪರ್ ಬಳಿ ಒಂದು ಸಾಧನ ಆಗಲೇ ಇದೆ: ಹಿಂದಿನ ಸೇಲ್‌ನ ದೇಶವಾರು ವರದಿ. ಶೇ 40 ರಿಯಾಯಿತಿಯ ವಾರದಲ್ಲಿ ಅಮೆರಿಕದ ಮಾರಾಟ ಎಷ್ಟು ಪಟ್ಟು ಏರಿತು, ಈ ದೇಶದ್ದು ಎಷ್ಟು ಪಟ್ಟು ಏರಿತು ಎಂದು ಪಕ್ಕಪಕ್ಕ ಇಟ್ಟು ನೋಡಬೇಕು. ಎರಡನೆಯದು ಬಹಳ ಹೆಚ್ಚಿದ್ದರೆ ಅಲ್ಲಿ ಪೂರ್ಣ ಬೆಲೆ ಎಟುಕುತ್ತಿಲ್ಲ ಎಂದೇ ಅರ್ಥ. ಒಂದು ಎಚ್ಚರಿಕೆ: ಸೇಲ್‌ನ ಅಂಕಿಗಳಲ್ಲಿ ತಿಂಗಳುಗಟ್ಟಲೆ ಕಾದು ಕುಳಿತವರೂ ಸೇರಿರುತ್ತಾರೆ. ವರ್ಷವಿಡೀ ಅದೇ ಏರಿಕೆ ಇರುತ್ತದೆಂದು ನಂಬಬಾರದು. ಎರಡು ದೇಶಗಳ ಏರಿಕೆಯ ನಡುವಿನ ಅಂತರವನ್ನಷ್ಟೇ ನಂಬಬೇಕು.

ಸೋರಿಕೆ

ಮೇಲಿನ ಲಾಭ ಎಷ್ಟು ನಾಜೂಕಾದದ್ದು ಎಂಬುದು ಎರಡನೆಯ ಷರತ್ತಿಗೆ ಬಂದಾಗ ತಿಳಿಯುತ್ತದೆ. ಅಮೆರಿಕದ ಒಬ್ಬ ಗ್ರಾಹಕ ಹೇಗೋ ಮಾಡಿ ಇದೇ ಗೇಮನ್ನು 450 ನಾಣ್ಯಕ್ಕೆ ಕೊಂಡರೆ ಡೆವಲಪರ್ ಕಳೆದುಕೊಳ್ಳುವುದು 14 ಕಳೆ 6.56, ಅಂದರೆ 7.44 ಡಾಲರ್. 802 ಡಾಲರ್ ಲಾಭವನ್ನು ಇದರಿಂದ ಭಾಗಿಸಿದರೆ 108. ಅಮೆರಿಕದಲ್ಲಿ 1,000 ಗ್ರಾಹಕರಿದ್ದು ಅವರಲ್ಲಿ 108 ಜನ ಆ ಕಡೆ ಜಾರಿದರೆ ಇಡೀ ಪ್ರಯತ್ನ ನೀರಿನಲ್ಲಿ ಹೋಮ. ಸ್ಟೋರ್‌ಗಳು ಹಾಕುವ ಬೀಗಗಳ ಹಿಂದೆ ಇರುವುದು ಈ ಲೆಕ್ಕ. ಅವು ಒರಟಾಗಿ ಕಂಡರೂ ಕಾರಣವಿಲ್ಲದೆ ಬಂದದ್ದಲ್ಲ.

ಸ್ಟೀಮ್‌ನ ಬೀಗಗಳು ಒಂದೊಂದಾಗಿ ಬಿಗಿಯಾದವು. 2017ರಲ್ಲಿ ಗಿಫ್ಟ್‌ಗಳನ್ನು ಕೂಡಿಟ್ಟುಕೊಳ್ಳುವ ಸೌಲಭ್ಯ ಹೋಯಿತು. ಕೊಡುವವರ ದೇಶದ ಬೆಲೆಗೂ ಪಡೆಯುವವರ ದೇಶದ ಬೆಲೆಗೂ ಅಂತರ ದೊಡ್ಡದಿದ್ದರೆ ಗಿಫ್ಟ್ ಹೋಗುವುದೇ ಇಲ್ಲ. ಆಮೇಲೆ, ಖಾತೆಯ ದೇಶ ಬದಲಿಸಬೇಕಾದರೆ ಆ ದೇಶದ್ದೇ ಕಾರ್ಡ್ ಅಥವಾ ಪಾವತಿ ವಿಧಾನದಿಂದ ಒಂದು ಖರೀದಿ ಮಾಡಬೇಕೆಂಬ ನಿಯಮ ಬಂತು. 2021ರಿಂದ ಹಾಗೆ ಬದಲಿಸಿದ ಮೇಲೆ ಮೂರು ತಿಂಗಳು ಮತ್ತೆ ಬದಲಿಸುವಂತಿಲ್ಲ. ವಿಪಿಎನ್ ಬಳಸಿ ಬೇರೆ ದೇಶದವರಂತೆ ತೋರಿಸಿಕೊಂಡು ಕೊಳ್ಳುವುದು ಸ್ಟೀಮ್‌ನ ಬಳಕೆದಾರ ಒಪ್ಪಂದಕ್ಕೇ ವಿರುದ್ಧ. ವರ್ಷಗಟ್ಟಲೆ ಕೂಡಿಸಿದ ಗೇಮ್‌ಗಳ ಸಮೇತ ಖಾತೆಗೆ ಕುತ್ತು ಬರಬಹುದು. ಕೆಲವು ಡಾಲರ್ ಉಳಿಸಲು ಅಷ್ಟು ದೊಡ್ಡ ಪಣ ಒಡ್ಡುವುದು ತರವಲ್ಲ. ಅದಕ್ಕಿಂತ ಕೆಟ್ಟದ್ದು ಎಂದರೆ, ಹಾಗೆ ಉಳಿಸಿದ ದುಡ್ಡಿಗೆ ಬೆಲೆ ತೆರುವವರು ಆ ಬಡ ದೇಶದ ಆಟಗಾರರು. ಸೋರಿಕೆ ಹೆಚ್ಚಾದಾಗ ಪಬ್ಲಿಷರ್‌ಗಳು ಮೊದಲು ಮಾಡುವ ಕೆಲಸ ಅಲ್ಲಿಯ ಬೆಲೆಯನ್ನು ಏರಿಸುವುದು. 2020ರಲ್ಲಿ ಹೊರೈಜನ್ ಝೀರೋ ಡಾನ್ ಎಂಬ ಗೇಮ್ ಪಿಸಿಗೆ ಬರುವ ಮುಂಚೆಯೇ, ಅಗ್ಗವಾಗಿದ್ದ ಕೆಲವು ದೇಶಗಳಲ್ಲಿ ಅದರ ಬೆಲೆ ಏರಿಬಿಟ್ಟಿತು.

ಇನ್ನೊಂದು ತೂತು ಕೀಗಳದ್ದು. ಡೆವಲಪರ್‌ಗಳು ಸ್ಟೋರ್‌ನಿಂದ ಪಡೆದು ಬೇರೆ ಮಾರಾಟಗಾರರಿಗೆ ಕೊಡುವ, ಗೇಮನ್ನು ಖಾತೆಗೆ ಸೇರಿಸಿಕೊಳ್ಳಲು ಬಳಸುವ ಈ ಅಕ್ಷರ-ಅಂಕಿಗಳ ಸಂಕೇತಗಳು ಅಗ್ಗದ ದೇಶದಿಂದ ಕೀ ಮರುಮಾರಾಟದ ತಾಣಗಳಿಗೆ ಹರಿದು, ಅಲ್ಲಿಂದ ಎಲ್ಲೆಡೆ ಹೋಗುತ್ತವೆ. ಕದ್ದ ಕಾರ್ಡ್‌ಗಳಲ್ಲಿ ಕೊಂಡ ಕೀಗಳೂ ಇದೇ ದಾರಿಯಲ್ಲಿ ಬರುತ್ತವೆ. ಕಾರ್ಡಿನ ನಿಜವಾದ ಒಡೆಯರು ಬ್ಯಾಂಕಿಗೆ ದೂರು ಕೊಟ್ಟಾಗ ಹಣ ಹಿಂದಕ್ಕೆ ಹೋಗುತ್ತದೆ, ಅದರ ಮೇಲೆ ಬ್ಯಾಂಕಿನ ದಂಡವೂ ಬೀಳುತ್ತದೆ. ಫ್ಯಾಕ್ಟೋರಿಯೊ ಗೇಮ್‌ನ ತಯಾರಕರಾದ ವೂಬೆ ಕಂಪನಿಗೆ ಸೇರಿದ 198 ಕಳವಿನ ಕೀಗಳು ತನ್ನಲ್ಲಿ ಮಾರಾಟವಾದದ್ದನ್ನು ಜಿ2ಎ ಎಂಬ ಮರುಮಾರಾಟದ ತಾಣ 2020ರಲ್ಲಿ ಒಪ್ಪಿಕೊಂಡು 39,600 ಡಾಲರ್ ತೆತ್ತಿತು.

ಕೀಗಳಿಗೆ ಎರಡು ಬಗೆಯ ಪ್ರದೇಶದ ಬೀಗವಿದೆ. ಮೊದಲನೆಯದು ಖಾತೆಗೆ ಸೇರಿಸುವಾಗ ಮಾತ್ರ ದೇಶ ನೋಡುತ್ತದೆ. ಎರಡನೆಯದು ಗೇಮ್ ಓಡಿಸುವಾಗಲೆಲ್ಲ ನೋಡುತ್ತದೆ. ಎರಡನೆಯದನ್ನು ಬಳಸಲೇಬಾರದು. ಓದಲು, ಕೆಲಸಕ್ಕೆ, ಬಂಧುಗಳನ್ನು ನೋಡಲು ಹೊರದೇಶಕ್ಕೆ ಹೋದವರು ತಾವು ದುಡ್ಡು ಕೊಟ್ಟು ಕೊಂಡ ಗೇಮನ್ನೇ ತೆರೆಯಲಾಗದೆ ನಿಲ್ಲುತ್ತಾರೆ. ಸೋರಿಕೆ ತಡೆಯಲು ಮೊದಲನೆಯದೇ ಬಹುತೇಕ ಸಾಕು.

ಬೀಗ ಎಲ್ಲಿ ಬೇಕಾದರೂ ಹಾಕಬಹುದು ಎಂದೂ ಇಲ್ಲ. 2021ರ ಜನವರಿ 20ರಂದು ಐರೋಪ್ಯ ಒಕ್ಕೂಟದ ಆಡಳಿತ ಮಂಡಳಿಯಾದ ಯುರೋಪಿಯನ್ ಕಮಿಷನ್, ವಾಲ್ವ್ ಮತ್ತು ಐದು ಪಬ್ಲಿಷರ್‌ಗಳಿಗೆ (ಬಂಡಾಯ್ ನಾಮ್ಕೊ, ಕ್ಯಾಪ್‌ಕಾಮ್, ಫೋಕಸ್ ಹೋಮ್, ಕಾಖ್ ಮೀಡಿಯಾ, ಝೆನಿಮ್ಯಾಕ್ಸ್) ಒಟ್ಟು 78 ಲಕ್ಷ ಯೂರೋ ದಂಡ ವಿಧಿಸಿತು. ಸುಮಾರು ನೂರು ಪಿಸಿ ಗೇಮ್‌ಗಳ ಕೀಗಳು ಪೋಲೆಂಡ್, ಜೆಕ್ ಗಣರಾಜ್ಯ, ಹಂಗೆರಿ, ರೊಮೇನಿಯಾ, ಸ್ಲೊವಾಕಿಯಾಗಳಂಥ ಅಗ್ಗದ ದೇಶಗಳಿಂದ ಆಚೆ ಕೆಲಸ ಮಾಡದಂತೆ ತಡೆದದ್ದು ಒಕ್ಕೂಟದ ಏಕ ಮಾರುಕಟ್ಟೆಯ ತತ್ತ್ವಕ್ಕೆ ವಿರುದ್ಧ ಎಂಬುದು ಕಾರಣ. ವಾಲ್ವ್ ಮೇಲ್ಮನವಿ ಹೋಯಿತು. 2023ರ ಸೆಪ್ಟೆಂಬರ್‌ನಲ್ಲಿ ಒಕ್ಕೂಟದ ಜನರಲ್ ಕೋರ್ಟ್ ಕಮಿಷನ್ ಪರವಾಗಿಯೇ ನಿಂತಿತು. ಕಾನೂನಿನ ದೃಷ್ಟಿಯಿಂದ ಇದು ಸರಿ. ಆದರೆ ಇದಕ್ಕೊಂದು ಅಡ್ಡ ಪರಿಣಾಮವಿದೆ: ಬೀಗ ಹಾಕಲಾಗದ ಕಡೆ ಬೆಲೆ ಇಳಿಸಲು ಪಬ್ಲಿಷರ್‌ಗೆ ಧೈರ್ಯ ಬರುವುದಿಲ್ಲ. ಒಕ್ಕೂಟದೊಳಗಿನ ಬಡ ದೇಶಗಳಿಗೆ ತಮ್ಮ ಆದಾಯಕ್ಕೆ ಹೊಂದುವ ಬೆಲೆ ಸಿಗುವುದು ಇನ್ನಷ್ಟು ಕಷ್ಟ.

ಕರೆನ್ಸಿ ಕುಸಿದಾಗ, ಚೇತರಿಸಿಕೊಂಡಾಗ

ಮರೆತುಬಿಟ್ಟ ಬೆಲೆಗೆ ಟರ್ಕಿ, ಅರ್ಜೆಂಟೀನಾಗಳಿಗಿಂತ ಸ್ಪಷ್ಟ ಉದಾಹರಣೆ ಸಿಗದು. 2021ರ ಆರಂಭದಲ್ಲಿ ಡಾಲರಿಗೆ ಏಳೂವರೆ ಲಿರಾದ ಆಸುಪಾಸಿನಲ್ಲಿದ್ದ ಟರ್ಕಿಯ ದರ 2022ರ ಕೊನೆಗೆ 18 ದಾಟಿತ್ತು, 2023ರ ನವೆಂಬರ್‌ಗೆ 28 ದಾಟಿತು. ಅರ್ಜೆಂಟೀನಾದ ಪೆಸೊ ಕೂಡ ಇದೇ ದಾರಿ ಹಿಡಿದಿತ್ತು. ಲಿರಾದಲ್ಲಿ ಬರೆದ ಹಳೆಯ ಬೆಲೆ ಹಾಗೆಯೇ ಉಳಿದದ್ದರಿಂದ ಡಾಲರ್ ಲೆಕ್ಕದಲ್ಲಿ ಗೇಮ್‌ಗಳು ಪುಡಿಗಾಸಿಗೆ ಇಳಿದವು. ಜಗತ್ತಿನ ಎಲ್ಲೆಡೆಯಿಂದ ಜನ ಆ ಎರಡು ದೇಶಗಳ ಖಾತೆ ಮಾಡಿಕೊಳ್ಳಲು ಮುಗಿಬಿದ್ದರು. 2022ರ ಅಕ್ಟೋಬರ್‌ನಲ್ಲಿ ವಾಲ್ವ್ ತನ್ನ ಸಲಹಾ ಬೆಲೆಗಳನ್ನು ಪರಿಷ್ಕರಿಸಿದಾಗ ಈ ಎರಡು ಕರೆನ್ಸಿಗಳಲ್ಲಿನ ಸಲಹಾ ಬೆಲೆ ಒಂದೇಟಿಗೆ ನಾಲ್ಕು ಪಟ್ಟಿಗೂ ಹೆಚ್ಚು ಏರಿತು. ವರ್ಷಕ್ಕೊಮ್ಮೆ ಸ್ವಲ್ಪ ಸ್ವಲ್ಪ ತಿದ್ದಿದ್ದರೆ ಯಾರಿಗೂ ಇಷ್ಟು ನೋವಾಗುತ್ತಿರಲಿಲ್ಲ. ವರ್ಷಗಳ ಬಾಕಿಯನ್ನು ಒಂದೇ ದಿನ ವಸೂಲಿ ಮಾಡಿದಂತಾಯಿತು.

ಅದೂ ಸಾಲಲಿಲ್ಲ. 2023ರ ನವೆಂಬರ್ 20ರಿಂದ ಸ್ಟೀಮ್ ಲಿರಾವನ್ನೂ ಪೆಸೊವನ್ನೂ ಕೈಬಿಟ್ಟು ಎರಡೂ ದೇಶಗಳಿಗೆ ಡಾಲರ್ ತಂದಿತು. ಪೂರ್ತಿ ಅಮೆರಿಕದ ಬೆಲೆಯಲ್ಲ. ಲ್ಯಾಟಿನ್ ಅಮೆರಿಕಕ್ಕೆ ಒಂದು, ಮಧ್ಯಪ್ರಾಚ್ಯ-ಉತ್ತರ ಆಫ್ರಿಕಕ್ಕೆ ಒಂದು ಎಂದು ಎರಡು ರಿಯಾಯಿತಿ ಗುಂಪುಗಳು. ತೊಡಕು ಎರಡು ಕಡೆ ಬಂತು. ಹೊಸ ಖಾನೆ ತುಂಬದೆ ಬಿಟ್ಟ ಗೇಮ್‌ಗಳಿಗೆ ಅಮೆರಿಕದ ಬೆಲೆಯೇ ಬಿತ್ತು. ಇನ್ನೊಂದು, ತೀರ ಬೇರೆ ಆರ್ಥಿಕ ಸ್ಥಿತಿಯ ದೇಶಗಳು ಒಂದೇ ಗುಂಪಿನಲ್ಲಿ ಸಿಕ್ಕಿಕೊಂಡವು. ಪನಾಮದ ತಲಾ ಆದಾಯ ಬೊಲಿವಿಯಾದ ನಾಲ್ಕು ಪಟ್ಟಿಗಿಂತ ಹೆಚ್ಚು, ಇಬ್ಬರಿಗೂ ಈಗ ಒಂದೇ ಬೆಲೆ. ಡಾಲರ್ ಬೆಲೆಗೆ ಗ್ರಾಹಕರ ಕಡೆಯ ಖರ್ಚೂ ಇದೆ: ಬ್ಯಾಂಕ್ ವಿದೇಶಿ ವಹಿವಾಟಿಗೆಂದು ಸಾಮಾನ್ಯವಾಗಿ ಶೇ 2ರಿಂದ 3.5 ಕಡಿತ ಮಾಡುತ್ತದೆ, ಅಂತರರಾಷ್ಟ್ರೀಯ ಕಾರ್ಡ್ ಇಲ್ಲದವರಿಗೆ ಅಂಗಡಿಯೇ ಮುಚ್ಚಿದ ಹಾಗೆ. ಡಾಲರ್ ಗುಂಪು ಸೋರಿಕೆಗೆ ಮದ್ದು ನಿಜ, ಆದರೆ ಆ ಮದ್ದಿನ ಕಹಿಯೆಲ್ಲ ಸ್ಥಳೀಯರ ಪಾಲಿಗೆ.

ಪೋಲೆಂಡಿನದು ಇದರ ಉಲ್ಟಾ ಕತೆ. 2022ರ ಅಕ್ಟೋಬರ್‌ನ ಪರಿಷ್ಕರಣೆಯ ವೇಳೆಗೆ ಅದರ ಕರೆನ್ಸಿ ಝ್ಲೋಟಿ ತೀರ ದುರ್ಬಲವಾಗಿತ್ತು, ಡಾಲರಿಗೆ ಐದರ ಹತ್ತಿರ. ಸಲಹೆಗಳು ಆ ದರದ ನೆರಳಲ್ಲೇ ಏರಿದವು. 2023ರ ನಡುವಿಗೆ ಝ್ಲೋಟಿ ಡಾಲರಿಗೆ ನಾಲ್ಕರ ಸುತ್ತ ಬಂದು ನಿಂತಿತು, ಸಲಹೆ ಮಾತ್ರ ಮೇಲೆಯೇ ಉಳಿಯಿತು. ಪೋಲೆಂಡಿನ ಸಂಬಳ ಅಮೆರಿಕಕ್ಕಿಂತ ಕಡಿಮೆ ಇದ್ದರೂ ಎಷ್ಟೋ ಗೇಮ್‌ಗಳಿಗೆ ಅಲ್ಲಿಯವರು ಅಮೆರಿಕದವರಿಗಿಂತ ಹೆಚ್ಚು ತೆರುವಂತಾಯಿತು. ಅಗ್ಗವಾಗಿ ಸಿಲುಕಿದ ಬೆಲೆಯನ್ನು ಸರಿಪಡಿಸಲು ಇರುವ ಆತುರ, ದುಬಾರಿಯಾಗಿ ಸಿಲುಕಿದ್ದನ್ನು ಸರಿಪಡಿಸಲು ಇರುವುದಿಲ್ಲ. ಪ್ರದೇಶವಾರು ಬೆಲೆಯ ಬಗ್ಗೆ ಗಟ್ಟಿಯಾಗಿ ಆಕ್ಷೇಪಿಸಬೇಕಾದದ್ದು ಇದನ್ನೇ.

ಬೆಲೆ ಇಡುವವರಿಗೆ

ಕ್ಯಾಲೆಂಡರಿನಲ್ಲಿ ಆರು ತಿಂಗಳಿಗೊಮ್ಮೆ ಬೆಲೆಯ ಕೋಷ್ಟಕ ತೆರೆಯುವ ದಿನ ಗುರುತು ಹಾಕಿಕೊಳ್ಳಿ. ವಿನಿಮಯ ದರ ಕಳೆದ ಬಾರಿಗಿಂತ ಶೇ 15ಕ್ಕೂ ಹೆಚ್ಚು ಯಾವ ಕಡೆ ಸರಿದಿದ್ದರೂ ಆ ಖಾನೆಯನ್ನು ತಿದ್ದಿ. ತಿದ್ದುವ ದಿನವನ್ನು ಮಾತ್ರ ಲೆಕ್ಕ ಹಾಕಿ ಆರಿಸಬೇಕು: ಸ್ಟೀಮ್‌ನಲ್ಲಿ ಯಾವುದೇ ಒಂದು ಕರೆನ್ಸಿಯಲ್ಲಿ ಬೆಲೆ ಏರಿಸಿದರೂ ಮುಂದಿನ 30 ದಿನ ರಿಯಾಯಿತಿ ಕೊಡಲಾಗದು, ಸೇಲ್ ನಡೆಯುತ್ತಿರುವಾಗ ಬೆಲೆ ಮುಟ್ಟಲಾಗದು. ದೊಡ್ಡ ಸೇಲ್‌ಗೆ ಎರಡು ವಾರ ಇರುವಾಗ ಎಚ್ಚೆತ್ತು ಒಂದು ಖಾನೆ ಏರಿಸಿದವರು ಆ ಸೇಲ್ ಅನ್ನೇ ಕಳೆದುಕೊಳ್ಳುತ್ತಾರೆ.

ಮೂಲ ಗೇಮ್‌ಗೆ ಪ್ರದೇಶದ ಬೆಲೆ ಇಟ್ಟು ಡಿಎಲ್‌ಸಿಗಳನ್ನು (ಗೇಮ್‌ಗೆ ಬೇರೆಯಾಗಿ ಮಾರುವ ಹೆಚ್ಚುವರಿ ಭಾಗಗಳನ್ನು) ವಿನಿಮಯ ದರಕ್ಕೆ ಬಿಡುವುದು ಬಹಳ ಕಡೆ ಕಾಣುವ ತಪ್ಪು. 450 ನಾಣ್ಯದ ಗೇಮ್‌ಗೆ 5 ಡಾಲರಿನ ನಾಲ್ಕು ಡಿಎಲ್‌ಸಿ ಸೇರಿದರೆ ತಲಾ 200 ನಾಣ್ಯದಂತೆ 800 ಆಗುತ್ತದೆ. ಗೇಮ್‌ಗಿಂತ ಬಾಲವೇ ಭಾರ. ಮೂಲ ಗೇಮ್‌ಗೆ ಬಳಸಿದ ಅನುಪಾತ, ಇಲ್ಲಿ 450ಕ್ಕೆ 800 ಅಂದರೆ 0.56, ಡಿಎಲ್‌ಸಿ, ಸೌಂಡ್‌ಟ್ರ್ಯಾಕ್, ಬಂಡಲ್, ಗೇಮ್ ಒಳಗಿನ ಖರೀದಿ ಎಲ್ಲಕ್ಕೂ ಅನ್ವಯಿಸಬೇಕು.

ಒಂದು ದೇಶದ ಮಾರಾಟ ಏಕಾಏಕಿ ಏರಿ, ಆಡುವವರು ಆರಿಸಿಕೊಂಡ ಭಾಷೆಗಳಲ್ಲಿ ಆ ದೇಶದ ಭಾಷೆ ಏರದಿದ್ದರೆ ಸೋರಿಕೆ ಶುರುವಾಗಿದೆ ಎಂದು ತಿಳಿಯಿರಿ. ಬೆಲೆ ಏರಿಸುವ ಮೊದಲು ಕೀಗಳು ಯಾರಿಗೆ, ಎಷ್ಟು ಹೋಗಿವೆ ಎಂದು ನೋಡಿ. ಬಹಳ ಸಲ ಗೊಂಚಲಾಗಿ ಕೊಟ್ಟ ಕೀಗಳ ಒಂದೇ ಮೂಲ ಸಿಗುತ್ತದೆ, ಅದನ್ನು ಮುಚ್ಚಿದರೆ ಸಾಕಾಗುತ್ತದೆ.

ಕೊಳ್ಳುವವರು ಪರೀಕ್ಷಿಸುವುದು ಹೇಗೆ

ಸ್ಟೀಮ್‌ಡಿಬಿ ಎಂಬ ತಾಣದಲ್ಲಿ ಯಾವುದೇ ಸ್ಟೀಮ್ ಗೇಮ್‌ನ ಪುಟ ತೆರೆದರೆ ಎಲ್ಲ ಕರೆನ್ಸಿಗಳ ಬೆಲೆ, ಅದರ ಡಾಲರ್ ಮೌಲ್ಯ, ಅಮೆರಿಕದ ಬೆಲೆಗಿಂತ ಶೇಕಡಾ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದು ಒಂದೇ ಪಟ್ಟಿಯಲ್ಲಿ ಸಿಗುತ್ತದೆ. ಸ್ಟೋರ್‌ನ ಬೆಲೆಯೊಳಗೆ ತೆರಿಗೆ ಸೇರಿದ್ದರೆ ಮೇಲೆ ಹೇಳಿದಂತೆ ಭಾಗಿಸಿ ಹೊರತೆಗೆಯಿರಿ. ಉಳಿದ ಮೊತ್ತ ಅಮೆರಿಕದ ಬೆಲೆಗಿಂತಲೂ ಹೆಚ್ಚಿದ್ದು, ನಿಮ್ಮ ದೇಶದ ಆದಾಯ ಅಮೆರಿಕಕ್ಕಿಂತ ಕಡಿಮೆ ಇದ್ದರೆ ಅಲ್ಲಿ ತಪ್ಪಿದೆ. ಕಡಿಮೆಯೇ ಇದ್ದರೂ ಅನುಮಾನವಿದ್ದರೆ, ಡಾಲರಿನಲ್ಲಿ ಅದೇ ಮೂಲ ಬೆಲೆಯಿರುವ ಐದಾರು ಬೇರೆ ಗೇಮ್‌ಗಳು ನಿಮ್ಮ ಕರೆನ್ಸಿಯಲ್ಲಿ ಎಷ್ಟಿವೆ ನೋಡಿ. ಬಹಳಷ್ಟು ಒಂದೇ ಸಂಖ್ಯೆಗೆ ನಿಂತಿದ್ದರೆ ಅದು ವಾಲ್ವ್‌ನ ಸಲಹೆಯೇ ಆಗಿರುವ ಸಾಧ್ಯತೆ ಹೆಚ್ಚು. ನಿಮ್ಮ ಗೇಮ್ ಅದಕ್ಕಿಂತ ಮೇಲಿದ್ದರೆ ಯಾರೋ ಕೈಯಾರೆ ಏರಿಸಿದ್ದಾರೆ, ಇಲ್ಲವೇ ಹಳೆಯ ಸಂಖ್ಯೆ ಉಳಿದುಬಿಟ್ಟಿದೆ. ಬೆಲೆಯ ಇತಿಹಾಸದ ನಕ್ಷೆಯಲ್ಲಿ ಕೊನೆಯ ಬದಲಾವಣೆಯ ತಾರೀಕು ನೋಡಿದರೆ ಎರಡರಲ್ಲಿ ಯಾವುದೆಂದು ಹೊಳೆಯುತ್ತದೆ. ಮೂರು ವರ್ಷದಿಂದ ಕದಲದ ಗೆರೆ ಬಹುಮಟ್ಟಿಗೆ ಮರೆವಿನದ್ದು.

ಮರೆವಿನದ್ದಾದರೆ ಒಂದು ಪತ್ರಕ್ಕೆ ಫಲ ಸಿಗುವ ಸಂಭವ ಚೆನ್ನಾಗಿಯೇ ಇದೆ, ಅದರಲ್ಲೂ ಪುಟ್ಟ ತಂಡಗಳಿಂದ. ಗೇಮ್‌ನ ಚರ್ಚಾ ಪುಟದಲ್ಲೋ ತಂಡದ ಸಂಪರ್ಕ ವಿಳಾಸಕ್ಕೋ ನಾಲ್ಕು ಸಾಲು ಬರೆಯಿರಿ: ಈಗಿನ ಬೆಲೆ ಮತ್ತು ಅದರ ಡಾಲರ್ ಮೌಲ್ಯ, ಅದೇ ಮೂಲ ಬೆಲೆಯ ಬೇರೆ ಗೇಮ್‌ಗಳು ಇಲ್ಲಿ ಎಷ್ಟಕ್ಕೆ ಸಿಗುತ್ತಿವೆ, ಕೊನೆಯ ಸಲ ಬೆಲೆ ತಿದ್ದಿದ ತಾರೀಕು, ಎಷ್ಟಾದರೆ ಕೊಳ್ಳುತ್ತೀರಿ. ಕೊನೆಯದನ್ನು ಬಿಡಬೇಡಿ. ಬಯ್ಗುಳ ತುಂಬಿದ ನೂರು ನೆಗೆಟಿವ್ ರಿವ್ಯೂಗಳಿಂದ ಡೆವಲಪರ್‌ಗೆ ಯಾವ ಖಾನೆಯಲ್ಲಿ ಯಾವ ಸಂಖ್ಯೆ ಬರೆಯಬೇಕೆಂದು ತಿಳಿಯುವುದಿಲ್ಲ. ಈ ನಾಲ್ಕು ಸಾಲಿನಿಂದ ತಿಳಿಯುತ್ತದೆ. ಸೇಲ್ ಶುರುವಾಗುವ ಹೊತ್ತಿಗೆ ಬರೆದರೆ ಅವರ ಕೈ ಕಟ್ಟಿರುತ್ತದೆ, ಹಾಗಾಗಿ ಸೇಲ್ ಮುಗಿದ ಮರುವಾರ ಬರೆಯಿರಿ.